ಜಾಕ್, ಸ್ಟ್ಯಾಂಡ್ ಮತ್ತು ನಮ್ಮ ಕಡೆಯ ನೆಲ: ಗಾಡಿ ಎತ್ತುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಂಚರ್ ಆದಾಗ, ಬ್ರೇಕ್ ನೋಡುವಾಗ, ಆಯಿಲ್ ಬದಲಿಸುವಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರು ಹೆಚ್ಚಾಗಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವರು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಟ್ರ್ಯಾಕ್ಟರ್, ಟ್ರೇಲರ್ ತನಕ.

ಯಾವ ಕಂಪನಿ ಜಾಕ್ ಒಳ್ಳೇದು ಅಂತ ಕೇಳೋರೇ ಜಾಸ್ತಿ. ಯಾವ ನೆಲದ ಮೇಲೆ ಇಡ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಎರೆ ಮಣ್ಣು, ಫರಸಿ (ಶಹಾಬಾದ್ ಹಾಸುಗಲ್ಲು), ಬಿಸಿಲಿಗೆ ಕಾದ ಡಾಂಬರು. ನಮ್ಮ ಕಡೆ ಗಾಡಿ ಎತ್ತೋದು ಹೆಚ್ಚಾಗಿ ಈ ಮೂರರ ಮೇಲೆ. ಮೂರೂ ಜಾಕಿಗೆ ಒಗ್ಗುವುದಿಲ್ಲ.

## ಶುರುವಿನ ಪ್ರಶ್ನೆಗಳು

ಜಾಕ್ ಮ್ಯಾಲ ಗಾಡಿ ಘಟ್ಟ್ಯಾಗಿ ನಿಂತದಲ್ರಿ, ಮತ್ತ ಸ್ಟ್ಯಾಂಡ್ ಯಾಕ?

ಜಾಕ್ ಇರೋದು ಎತ್ತೋಕೆ. ಹೊತ್ತು ನಿಲ್ಲೋಕೆ ಸ್ಟ್ಯಾಂಡ್. ಬಾಟಲಿಯಂತೆ ನೇರ ನಿಲ್ಲುವ ಬಾಟಲ್ ಜಾಕ್ ಆಗಲಿ, ಗಾಲಿ ಇರುವ ಟ್ರಾಲಿ ಜಾಕ್ ಆಗಲಿ, ಒಳಗಿನ ಎಣ್ಣೆಯನ್ನು ತಡೆದಿರೋದು ಒಂದು ರಬ್ಬರ್ ಸೀಲ್ ಮತ್ತು ಕಾಳಿನಷ್ಟು ದಪ್ಪದ ಒಂದೆರಡು ಉಕ್ಕಿನ ಗುಂಡು. ಸೀಲ್ ಹರಿದರೆ, ಗುಂಡಿನ ಕೆಳಗೆ ಕಸ ಸಿಕ್ಕರೆ ಗಾಡಿ ಇಳಿಯುತ್ತದೆ. ಕೆಲವೊಮ್ಮೆ ನಿಧಾನಕ್ಕೆ, ಕೆಲವೊಮ್ಮೆ ಒಂದೇ ಸಲಕ್ಕೆ. ಕಾರಿನ ಜೊತೆ ಬರುವ ಸ್ಕ್ರೂ ಜಾಕಿನಲ್ಲಿ ಎಣ್ಣೆ ಇಲ್ಲ, ಸೋರುವ ಭಯವೂ ಇಲ್ಲ. ಆದರೆ ಅದರ ಪಾದ ಅಂಗೈಯಷ್ಟೇ. ಗಾಡಿ ಎರಡು ಇಂಚು ಅತ್ತ ಸರಿದರೂ ಸಾಕು, ಜಾಕ್ ವಾಲುತ್ತದೆ.

ಸ್ಟ್ಯಾಂಡಿಗೆ ಅಗಲವಾದ ಪಾದ ಇರುತ್ತದೆ. ತೂಕ ಹೊರೋದು ಕಬ್ಬಿಣದ ಹಲ್ಲು ಅಥವಾ ಪಿನ್. ಗಾಡಿ ಕೆಳಗೆ ತಲೆ, ಎದೆ, ಕೈ, ಕಾಲು ಯಾವುದು ಹೋದರೂ ಸ್ಟ್ಯಾಂಡ್ ಬೇಕು. ಎರಡೇ ನಿಮಿಷದ ಕೆಲಸ ಇದ್ರೂ ಬೇಕು.

ಸ್ಟೆಪ್ನಿ ಹಾಕ್ಲಾಕೂ ಸ್ಟ್ಯಾಂಡ್ ಬೇಕೇನ್ರಿ?

ಬೇಡ. ಗಾಲಿ ಬದಲಿಸುವಾಗ ನೀವು ಗಾಡಿಯ ಪಕ್ಕದಲ್ಲಿ ಇರುತ್ತೀರಿ, ಕೆಳಗೆ ಅಲ್ಲ. ಜಾಕ್ ಸಾಕು. ಆದರೆ ಸ್ಟೆಪ್ನಿಯನ್ನು ಸುಮ್ನೆ ಪಕ್ಕಕ್ಕೆ ಒರಗಿಸಿ ಇಡಬೇಡಿ. ಜಾಕಿನ ಹತ್ತಿರ, ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ ತಳ್ಳಿ. ಸ್ಟೆಪ್ನಿ ಹಾಕುವ ಹೊತ್ತಿಗೆ ಅದೇ ಜಾಗಕ್ಕೆ ಪಂಚರ್ ಆದ ಗಾಲಿ ಹೋಗಲಿ. ಜಾಕ್ ಜಾರಿದರೂ ಗಾಡಿ ಗಾಲಿಯ ಮೇಲೆ ಕೂರುತ್ತದೆ. ನಿಮ್ಮ ಪಾದ ಉಳಿಯುತ್ತದೆ, ಬ್ರೇಕ್ ಡಿಸ್ಕ್ ನೆಲಕ್ಕೆ ಬಡಿಯೋದೂ ತಪ್ಪುತ್ತದೆ.

ಜಾಕ್ ಎಲ್ಲಿ ಹಚ್ಚಬೇಕು ಗೊತ್ತಾಗಲ್ಲ. ಕೆಳಗೆ ಬಗ್ಗಿ ನೋಡಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ.

ಸಣ್ಣ ಕಾರುಗಳಲ್ಲಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಒಂದು ತಗಡಿನ ಅಂಚು ಇಳಿದಿರುತ್ತದೆ. ಮುಂದಿನ ಗಾಲಿಯ ಹಿಂದೆ ಒಂದು ಕಡೆ, ಹಿಂದಿನ ಗಾಲಿಯ ಮುಂದೆ ಒಂದು ಕಡೆ ಆ ಅಂಚಿನಲ್ಲಿ ಎರಡೆರಡು ಸಣ್ಣ ಕಚ್ಚು ಕಾಣುತ್ತವೆ. ಮಣ್ಣು ಮೆತ್ತಿದ್ದರೆ ಬೆರಳಿಂದ ಸವರಿ, ಕೈಗೆ ಸಿಗುತ್ತವೆ. ಆ ಎರಡು ಕಚ್ಚಿನ ನಡುವೆ ತಗಡು ದಪ್ಪ. ಜಾಕಿನ ತಲೆಯ ಮೇಲಿರುವ ಸೀಳಿನಲ್ಲಿ ಈ ಅಂಚು ಸರಿಯಾಗಿ ಕೂರಬೇಕು. ಅರ್ಧ ಅಡಿ ಆಚೆ ಇಟ್ಟರೂ ಅಂಚು ಮಡಚಿಕೊಳ್ಳುತ್ತದೆ.

ಎಂಜಿನ್ ಆಯಿಲ್ ಇರುವ ಸಂಪ್, ಗೇರ್ ಬಾಕ್ಸ್, ಸೈಲೆನ್ಸರ್ ಪೈಪ್, ಬಂಪರ್, ಆಮೇಲೆ ಹಾಕಿಸಿದ ಫುಟ್ ಸ್ಟೆಪ್, ಇವು ಯಾವುದಕ್ಕೂ ಜಾಕ್ ಕೊಡಬೇಡಿ. ಹಳೇ ಗಾಡಿಯಾದರೆ ಎತ್ತುವ ಮುಂಚೆ ಆ ಅಂಚನ್ನು ಸ್ಕ್ರೂ ಡ್ರೈವರಿನಿಂದ ಒಮ್ಮೆ ಕುಟ್ಟಿ ನೋಡಿ. ಟಣ್ ಅಂದರೆ ಸರಿ. ಪುಸ್ ಅಂತ ಒಳಗೆ ಹೋದರೆ ತುಕ್ಕು ತಿಂದಿದೆ, ಅಲ್ಲಿ ಎತ್ತಬೇಡಿ.

ನನ್ನ ಗಾಡಿಗೆ ಎಷ್ಟು ಟನ್ ಜಾಕ್ ಸಾಕು?

ಆಲ್ಟೊ ಸುಮಾರು ಮುಕ್ಕಾಲು ಟನ್ ತೂಗುತ್ತದೆ. ಸ್ವಿಫ್ಟ್ 900 ಕೆಜಿ ಆಸುಪಾಸು. ಬೊಲೆರೊ ಒಂದೂವರೆ ಟನ್ ದಾಟುತ್ತದೆ, ಇನ್ನೋವಾ ಕ್ರಿಸ್ಟಾ ಇನ್ನೂ ಜಾಸ್ತಿ. ಒಂದು ಮೂಲೆ ಎತ್ತುವಾಗ ಪೂರ್ತಿ ತೂಕ ಬೀಳುವುದಿಲ್ಲ ನಿಜ. ಆದರೂ ಗಾಡಿಯ ಪೂರ್ತಿ ತೂಕಕ್ಕಿಂತ ದೊಡ್ಡ ಜಾಕ್ ತಗೊಳ್ಳಿ. ಸಣ್ಣ ಕಾರಿಗೆ 2 ಟನ್, ಬೊಲೆರೊ, ಸ್ಕಾರ್ಪಿಯೊ, ಇನ್ನೋವಾಕ್ಕೆ 3 ಟನ್.

ಟನ್ನಿನಷ್ಟೇ ಎತ್ತರವನ್ನೂ ನೋಡಿ. ಬಾಟಲ್ ಜಾಕ್ ಮಡಚಿದಾಗಲೂ ಗೇಣುದ್ದ ಇರುತ್ತದೆ. ಪಂಚರ್ ಆಗಿ ಕುಳಿತ ಸಣ್ಣ ಕಾರಿನ ಕೆಳಗೆ ಅದು ಹೋಗೋದೇ ಇಲ್ಲ. ಅಂಗಡಿಯಲ್ಲಿ ಟನ್ ಕೇಳಿ ತಂದವರಿಗೆ ಇದು ರಸ್ತೆ ಮೇಲೆ ಗೊತ್ತಾಗುತ್ತದೆ.

ಮೊದ್ಲು ನಟ್ ಸಡಿಲ ಮಾಡ್ಬೇಕೋ, ಮೊದ್ಲು ಎತ್ಬೇಕೋ?

ಮೊದಲು ನಟ್. ಗಾಲಿ ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ. ಪೂರ್ತಿ ತೆಗೆಯಬೇಡಿ. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಲಿ ತಿರುಗುತ್ತದೆ, ಗಾಡಿ ಅಲುಗುತ್ತದೆ, ಜಾಕ್ ಜಾರುತ್ತದೆ.

ಎತ್ತುವಾಗ ಚಪ್ಪಟೆ ಗಾಲಿ ನೆಲ ಬಿಟ್ಟ ಕೂಡಲೇ ನಿಲ್ಲಿಸಿದರೆ ಆಗಲ್ಲ. ಗಾಳಿ ತುಂಬಿದ ಸ್ಟೆಪ್ನಿ ಇನ್ನೂ ದೊಡ್ಡದು, ಅದಕ್ಕೆ ಎರಡು ಮೂರು ಇಂಚು ಜಾಸ್ತಿ ಜಾಗ ಬೇಕು. ಹಾಕಿದ ಮೇಲೆ ನಟ್‌ಗಳನ್ನು ಕೈಯಿಂದ ತಿರುವಿ, ಗಾಡಿ ಇಳಿಸಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ. ಸಾಲಾಗಿ ಒಂದರ ಪಕ್ಕ ಒಂದು ಬಿಗಿದರೆ ಗಾಲಿ ಓರೆ ಕೂರುತ್ತದೆ. ಹೆಚ್ಚಿನ ಸಣ್ಣ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು, ನಿಮ್ಮ ಗಾಡಿಯ ಅಂಕಿ ಅದರ ಪುಸ್ತಕದಲ್ಲಿದೆ. ಪಾನಾ ಮೇಲೆ ಹತ್ತಿ ಕುಣಿಯೋದು ಬಿಗಿ ಅಲ್ಲ, ಬೋಲ್ಟ್ ಕೀಳುವ ದಾರಿ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

## ನೆಲದ ಪ್ರಶ್ನೆಗಳು

ಮನಿ ಮುಂದ ಫರಸಿ ಹಾಕೀವ್ರಿ, ಸಪಾಟ ಅದ. ಅಲ್ಲೇ ಎತ್ತಬಹುದಲ್ಲ?

ಇದನ್ನು ಕೇಳದ ವಾರವೇ ಇಲ್ಲ. ಶಹಾಬಾದ್ ಕಲ್ಲು ನೋಡೋಕೆ ಗಟ್ಟಿ, ಸಪಾಟು. ಆದರೆ ಅದು ಹಾಸುಗಲ್ಲು. ಮನೆಗಳಲ್ಲಿ ಹಾಕೋದು ಒಂದು, ಒಂದೂವರೆ ಇಂಚು ದಪ್ಪದ್ದು. ಕೆಳಗೆ ಉಸುಕು ಅಥವಾ ಮುರುಮ್ ಹರಡಿ ಕೂರಿಸಿರುತ್ತಾರೆ. ಮಳೆಗಾಲಕ್ಕೆ ಆ ಉಸುಕು ಅಲ್ಲಲ್ಲಿ ಜರಿದು ಕಲ್ಲಿನಡಿ ಪೊಳ್ಳಾಗುತ್ತದೆ. ಗಾಡಿಯ ಅಗಲ ಟೈರು ಹಾದು ಹೋದರೆ ಏನೂ ಆಗಲ್ಲ. ಜಾಕಿನ ಸಣ್ಣ ಪಾದ ಪೊಳ್ಳಿನ ಮೇಲೆ ಕೂತರೆ ಫರಸಿ ಎರಡಾಗುತ್ತದೆ. ಅದು ಬಾಗಿ ಸೂಚನೆ ಕೊಡುವ ಕಲ್ಲಲ್ಲ, ಟಕ್ ಅಂತ ಒಡೆಯುವ ಕಲ್ಲು.

ಪರೀಕ್ಷೆ ಸುಲಭ. ಪಾನಾದ ಹಿಡಿಯಿಂದ ಕಲ್ಲಿನ ನಡುವೆ, ನಾಲ್ಕೂ ಮೂಲೆಯಲ್ಲಿ ಕುಟ್ಟಿ. ಡಬ್ ಡಬ್ ಅಂತ ಸದ್ದು ಬಂದರೆ ಅಲ್ಲಿ ಬೇಡ. ಸದ್ದು ಗಟ್ಟಿ ಬಂದರೂ ಜಾಕ್ ಮತ್ತು ಪ್ರತಿ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಹಲಗೆ ಎರಡು ಕಲ್ಲುಗಳ ಸಂದಿಯ ಮೇಲೆ ಬರದಿರಲಿ.

ಟ್ರಾಲಿ ಜಾಕ್ ಇದ್ದವರಿಗೆ ಇನ್ನೊಂದು ಮಾತು. ಅದರ ತೋಳು ನೇರವಾಗಿ ಮೇಲೇಳುವುದಿಲ್ಲ, ಕಮಾನಿನ ಹಾಗೆ ಏಳುತ್ತದೆ. ಅದಕ್ಕೇ ಅದಕ್ಕೆ ಗಾಲಿ ಇರೋದು. ಗಾಡಿ ಮೇಲೇಳುತ್ತಿದ್ದಂತೆ ಜಾಕ್ ತಾನೇ ನಾಲ್ಕು ಬೆರಳು ಉರುಳಿ ಒಳಗೆ ಸರಿಯಬೇಕು. ಫರಸಿ ಸಂದಿಯಲ್ಲಿ ಆ ಪುಟ್ಟ ಗಾಲಿ ಸಿಕ್ಕಿಬಿದ್ದರೆ ಜಾಕ್ ಸರಿಯುವುದಿಲ್ಲ. ಆಗ ಸರಿಯೋದು ಗಾಡಿ. ಎತ್ತುವಾಗ ಕಣ್ಣು ಗಾಡಿ ಮೇಲೆ ಇಡುವಷ್ಟೇ ಜಾಕಿನ ಗಾಲಿ ಮೇಲೂ ಇರಲಿ.

ಹೊಲದ ದಾರ್ಯಾಗ ಪಂಚರ್ ಆತ್ರಿ. ಎರಿ ಮಣ್ಣ. ಜಾಕ್ ಏರ್ಸಿದಂಗೆಲ್ಲ ಜಾಕೇ ಒಳಗ ಹೋಗ್ಲಾಕತ್ತದ.

ಹೋಗೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ ಒಂದು ಮೂಲೆ ಎತ್ತುವಾಗ ಜಾಕಿನ ಮೇಲೆ ಸುಮಾರು 300 ಕೆಜಿ ಬೀಳುತ್ತದೆ ಅಂದುಕೊಳ್ಳಿ. ಜಾಕಿನ ಪಾದ 10 ಸೆಂಟಿಮೀಟರ್ ಉದ್ದ, 8 ಅಗಲ. ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ ನಾಲ್ಕು ಕೆಜಿ. ಅದರಡಿ 30ಕ್ಕೆ 30 ಸೆಂಟಿಮೀಟರಿನ ಹಲಗೆ ಇಟ್ಟರೆ ಮೂರನೇ ಒಂದು ಕೆಜಿ. ಒತ್ತಡ ಹತ್ತನೇ ಒಂದು ಪಾಲಿಗಿಂತ ಕಮ್ಮಿಯಾಯಿತು.

ಹಾಗಾಗಿ ಡಿಕ್ಕಿಯಲ್ಲಿ ಒಂದು ಹಲಗೆ ಕಾಯಂ ಇರಲಿ. ಅಡಿಗೆ ಅಡಿ ಅಳತೆ, ಒಂದೂವರೆ ಇಂಚು ದಪ್ಪ. ಜಾಲಿ ಕಟ್ಟಿಗೆ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಬಂಡಿಯ ಭಾರ ಹೊತ್ತ ಕಟ್ಟಿಗೆ ಅದು, ಸುಲಭಕ್ಕೆ ಸೀಳುವುದಿಲ್ಲ. ಪ್ಲೈವುಡ್ ಆದರೆ ಮುಕ್ಕಾಲು ಇಂಚಿನದು ಎರಡು ಸೇರಿಸಿ.

ಬೇಸಿಗೆಯಲ್ಲಿ ಎರೆ ಭೂಮಿ ಕಲ್ಲಿನ ಹಾಗೆ ಇರುತ್ತದಲ್ಲ ಅಂತ ಕೇಳುತ್ತಾರೆ. ಮೇಲೆ ಹೌದು. ಆದರೆ ಕೈ ಹೋಗುವಷ್ಟು ಅಗಲದ ಬಿರುಕು ಬಿಟ್ಟಿರುತ್ತದೆ. ಬಿರುಕಿನ ದಂಡೆ ಮೇಲೆ ಜಾಕ್ ಇಟ್ಟರೆ ಹೆಂಟೆ ಸಮೇತ ಕುಸಿಯುತ್ತದೆ. ಮಳೆಯಲ್ಲಿ ನೆನೆದ ಎರೆಯ ಮೇಲೆ ಮಾತ್ರ ಹಲಗೆ ಇದ್ದರೂ ಎತ್ತಬೇಡಿ. ಹಲಗೆಯೇ ಸಾಬೂನಿನಂತೆ ಜಾರುತ್ತದೆ. ನಿಧಾನಕ್ಕೆ ಗಟ್ಟಿ ರಸ್ತೆ ತನಕ ಗಾಡಿ ತನ್ನಿ. ಟೈರ್ ಹಾಳಾಗಬಹುದು, ಆಗಲಿ.

ಮೇ ತಿಂಗಳಲ್ಲಿ ರಸ್ತೆ ಮೇಲೆ ಎತ್ತೋದು ಸೇಫಾ?

ಕಲಬುರಗಿಯಲ್ಲಿ ಮೇ ಅಂದರೆ 42, 43 ಡಿಗ್ರಿ ಮಾಮೂಲಿ. ನೆರಳಿನ ಲೆಕ್ಕ ಅದು. ಬಿಸಿಲಲ್ಲಿರುವ ಡಾಂಬರು ಅದಕ್ಕಿಂತ ಬಹಳ ಜಾಸ್ತಿ ಕಾದು ಮೆತ್ತಗಾಗಿರುತ್ತದೆ. ಸ್ಟ್ಯಾಂಡಿನ ಕಾಲು ಚೂಪು. ಒಂದು ಕಾಲು ಇಳಿದು ಇನ್ನೊಂದು ಇಳಿಯದಿದ್ದರೆ ಸ್ಟ್ಯಾಂಡ್ ವಾಲುತ್ತದೆ. ಸಿಮೆಂಟ್ ನೆಲ ಹುಡುಕಿ. ಇಲ್ಲದಿದ್ದರೆ ಹಲಗೆ ಇಟ್ಟು ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸಿ. ಬಿಸಿಲಿಗೆ ಬಿಟ್ಟ ಜಾಕನ್ನು ಬರಿಗೈಯಲ್ಲಿ ಹಿಡಿಯೋದೂ ಆಗಲ್ಲ.

ಸ್ಟ್ಯಾಂಡ್ ಬದ್ಲು ಇಟ್ಟಂಗಿ ಇಟ್ರೆ ನಡೀತದೇನ್ರಿ? ಸಿಮೆಂಟ್ ಬ್ಲಾಕ್?

ಇಲ್ಲ. ಇಟ್ಟಂಗಿ, ಪೊಳ್ಳು ಸಿಮೆಂಟ್ ಬ್ಲಾಕ್, ಬೀದರ್ ಕಡೆಯ ಜಂಬಿಟ್ಟಿಗೆ, ಫರಸಿ ತುಂಡು ಯಾವುದೂ ಬೇಡ. ಗೋಡೆಯಲ್ಲಿ ಇವು ಭಾರ ಹೊರುತ್ತವೆ, ಯಾಕಂದ್ರೆ ಅಲ್ಲಿ ಭಾರ ಸಮನಾಗಿ ಹರಡಿರುತ್ತದೆ. ಗಾಡಿಯ ತಗಡಿನ ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ. ಇವು ಚೂರಾಗುವ ಮುಂಚೆ ಸದ್ದೂ ಮಾಡುವುದಿಲ್ಲ. ಕಟ್ಟಿಗೆ ದಿಮ್ಮಿ ಬೇರೆ ಮಾತು. ಅಡ್ಡ ಎರಡು, ಅದರ ಮೇಲೆ ಉದ್ದ ಎರಡು ಹೀಗೆ ಜೋಡಿಸಿದರೆ ಚೆನ್ನಾಗಿ ಹೊರುತ್ತದೆ. ಭಾರ ಜಾಸ್ತಿಯಾದರೆ ಮೊದಲು ಕಿರ್ ಅನ್ನುತ್ತದೆ, ಹೊರಗೆ ಬರೋಕೆ ಸಮಯ ಸಿಗುತ್ತದೆ.

ಸ್ವಲ್ಪ ಇಳಿಜಾರು ಇದ್ರೆ ಪರವಾಗಿಲ್ವಾ?

ಇಲ್ಲ, ಸ್ವಲ್ಪ ಇಳಿಜಾರಿದ್ದರೂ ತೊಂದರೆಯೇ. ತುಂಬಿದ ನೀರಿನ ಬಾಟಲಿಯನ್ನು ನೆಲದ ಮೇಲೆ ಅಡ್ಡ ಮಲಗಿಸಿ. ಉರುಳಿದರೆ ಅಲ್ಲಿ ಗಾಡಿ ಎತ್ತಬೇಡಿ.

## ರಸ್ತೆ ಬದಿಯಲ್ಲಿ

ಹೈವೇ ಮೇಲೆ ಪಂಚರ್ ಆದ್ರೆ ಮೊದಲು ಏನು ಮಾಡಬೇಕು?

ಜಾಕ್ ತೆಗೆಯೋದಲ್ಲ. ಮೊದಲು ಡಾಂಬರಿನಿಂದ ಪೂರ್ತಿ ಕೆಳಗಿಳಿಯಿರಿ. ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆ ಹೋಗುವ 50ನೇ ಹೆದ್ದಾರಿ ಆಗಲಿ, ಹುಮನಾಬಾದ್ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿ ಆಗಲಿ, ಲಾರಿಗಳು ಪಕ್ಕದಲ್ಲಿ ಹಾದರೆ ಆ ಗಾಳಿಗೇ ಎತ್ತಿದ ಕಾರು ಅಲುಗುತ್ತದೆ. ಕಬ್ಬಿನ ಕಾಲದಲ್ಲಿ ಇನ್ನೂ ಕಷ್ಟ. ಹಿಂದೆ ದೀಪವಿಲ್ಲದ ಟ್ರೇಲರಿನ ಕಬ್ಬು ರಸ್ತೆ ಬದಿಯ ತನಕ ಚಾಚಿರುತ್ತದೆ.

ಹಜಾರ್ಡ್ ದೀಪ ಹಾಕಿ, ತ್ರಿಕೋನವನ್ನು 50 ಹೆಜ್ಜೆಗಿಂತ ಹಿಂದೆ ಇಡಿ. ಪಂಚರ್ ಆದ ಗಾಲಿ ರಸ್ತೆ ಕಡೆಯದಾಗಿದ್ದು ನಿಮಗೂ ಲಾರಿಗಳಿಗೂ ನಡುವೆ ಜಾಗ ಇಲ್ಲ ಅಂದ್ರೆ ಅಲ್ಲಿ ಕೂರಬೇಡಿ. ರಿಮ್ ಹೋದರೂ ಚಿಂತೆಯಿಲ್ಲ, ನಿಧಾನಕ್ಕೆ ಮುಂದಿನ ಢಾಬಾ ಅಥವಾ ಪೆಟ್ರೋಲ್ ಪಂಪ್ ತನಕ ಹೋಗಿ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಹತ್ತಲ್ಲ.

ಮಕ್ಕಳು, ವಯಸ್ಸಾದವರು ಒಳಗೇ ಕೂತಿರಬಹುದಾ? ಹೊರಗೆ ಬಿಸಿಲು.

ಬೇಡ, ಇಳಿಸಿ. ಒಳಗಿನವರು ಅಲುಗಾಡಿದರೆ ಜಾಕ್ ಅಲುಗುತ್ತದೆ. ಬಾಗಿಲು ಧಡ್ ಅಂತ ಹಾಕಿದರೂ ಅಷ್ಟೇ. ರಸ್ತೆಯಿಂದ ದೂರ, ಮರದ ಕೆಳಗೆ ಕೂರಿಸಿ. ನೀರು, ಛತ್ರಿ, ಮೊಬೈಲ್ ಎಲ್ಲಾ ಎತ್ತುವ ಮುಂಚೆಯೇ ಹೊರಗೆ ತೆಗೆದುಕೊಳ್ಳಿ.

ನಟ್ ಎಲ್ಲಾ ಬಂತು, ಗಾಲಿ ಮಾತ್ರ ಬರ್ತಿಲ್ಲ. ಒದ್ದೆ, ಅಲುಗ್ಲಿಲ್ಲ.

ಜಾಕ್ ಮೇಲಿರುವ ಗಾಡಿಯನ್ನು ಒದೆಯಬೇಡಿ. ಗಾಲಿ ಹಬ್ಬಿಗೆ ತುಕ್ಕಿನಿಂದ ಅಂಟಿದೆ. ನಟ್‌ಗಳನ್ನು ಮತ್ತೆ ಎರಡು ಮೂರು ಸುತ್ತು ಹಾಕಿ, ಸಡಿಲವಾಗೇ ಇರಲಿ. ಗಾಡಿ ಇಳಿಸಿ. ಗಾಡಿಯನ್ನು ಕೈಯಿಂದ ಎಡಕ್ಕೆ ಬಲಕ್ಕೆ ತೂಗಿ. ಟಕ್ ಅಂತ ಬಿಡುತ್ತದೆ. ಆಮೇಲೆ ಮತ್ತೆ ಎತ್ತಿ.

## ಮನೆಯಲ್ಲಿ ಕೆಲಸ ಮಾಡುವವರಿಗೆ

ಸ್ಟ್ಯಾಂಡ್ ಇಡೋ ಸರಿಯಾದ ಕ್ರಮ ಯಾವುದು?

ಮುಂದಿನ ಭಾಗ ಎತ್ತುತ್ತೀರಿ ಅಂದುಕೊಳ್ಳಿ. ಹಿಂದಿನ ಎರಡೂ ಗಾಲಿಗಳಿಗೆ ಮುಂದೆ ಒಂದು, ಹಿಂದೆ ಒಂದು ಓಟೆ (ಗಾಲಿ ಉರುಳದಂತೆ ಒತ್ತಿ ಇಡುವ ಬೆಣೆ) ಕೊಡಿ. ಗುಂಡಗಿನ ಕಲ್ಲು ಬೇಡ, ಅದರ ಮೇಲೆ ಗಾಲಿ ಹತ್ತುತ್ತದೆ. ಬೆಣೆಯಂತೆ ಸೀಳಿದ ಕಟ್ಟಿಗೆ ಇರಲಿ. ಒಂದು ಬದಿ ಎತ್ತಿ, ಗಾಡಿ ಪುಸ್ತಕದಲ್ಲಿ ತೋರಿಸಿದ ಗಟ್ಟಿ ಜಾಗದ ಕೆಳಗೆ ಸ್ಟ್ಯಾಂಡ್ ನೇರವಾಗಿ ಇಡಿ. ಆಮೇಲೆ ಇನ್ನೊಂದು ಬದಿ. ಎರಡೂ ಒಂದೇ ಎತ್ತರದ ಹಲ್ಲಿನಲ್ಲಿರಲಿ, ಎಣಿಸಿ.

ಇಳಿಸುವಾಗ ಜಾಕಿನ ವಾಲ್ವ್ ಕೂದಲೆಳೆಯಷ್ಟು ತಿರುವಿ. ಬಗ್ಗಿ ನೋಡಿ: ನಾಲ್ಕೂ ಕಾಲು ನೆಲ ಮುಟ್ಟಿವೆಯಾ, ಅಂಚು ಸ್ಟ್ಯಾಂಡಿನ ತಲೆಯ ನಡುವೆ ಕೂತಿದೆಯಾ. ಆಮೇಲೆ ಗಾಡಿಯ ಪಕ್ಕ ನಿಂತು ಬಂಪರ್ ಹಿಡಿದು ಜೋರಾಗಿ ಅಲುಗಾಡಿಸಿ. ಇದಕ್ಕೆ ಎಷ್ಟೋ ಜನ ಹೆದರುತ್ತಾರೆ, ಬೀಳುತ್ತೇನೋ ಅಂತ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ ಅಲ್ವಾ? ಜಾಕನ್ನು ಪೂರ್ತಿ ತೆಗೆಯಬೇಡಿ. ಭಾರ ಬೀಳದಂತೆ ತಾಗಿಸಿ ಬಿಡಿ. ತೆಗೆದ ಗಾಲಿಗಳನ್ನೂ ಅಂಚಿನಡಿ ಮಲಗಿಸಿ.

ಹಲ್ಲಿನ ಸ್ಟ್ಯಾಂಡ್ ಒಳ್ಳೇದಾ, ಪಿನ್ನಿನದಾ?

ಹಲ್ಲಿನದು ಬೇಗ ಏರುತ್ತದೆ. ಪಿನ್ನಿನದು ನಿಧಾನ, ಆದರೆ ಪಿನ್ ದಾಟಿ ಹೊರಗೆ ಬಂದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹಲ್ಲು ಪೂರ್ತಿ ಕಚ್ಚಿದೆಯಾ ಅನ್ನೋದು ಒಳಗಿನ ಮಾತು. 2020ರಲ್ಲಿ ಅಮೆರಿಕದಲ್ಲಿ ಹಲ್ಲು ಸರಿಯಾಗಿ ಕಚ್ಚದ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡರು. ನಾನಾದರೆ ಪಿನ್ನಿನದನ್ನೇ ತಗೊಳ್ಳುತ್ತೇನೆ. ಹಲ್ಲಿನದೇ ಬೇಕು ಅಂದ್ರೆ ಜೊತೆಗೆ ಅಡ್ಡ ಪಿನ್ನೂ ಇರುವುದನ್ನು ನೋಡಿ. ಚೀಟಿಯ ಮೇಲಿನ 3 ಟನ್ ಒಂದಕ್ಕೋ, ಜೋಡಿಗೋ ಅಂತಲೂ ಓದಿ.

ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ಸ್ಟ್ಯಾಂಡ್ ಮಾಡಿಸಿದ್ರೆ ಆಗಲ್ವಾ?

ಟ್ರ್ಯಾಕ್ಟರ್ ಟ್ರೇಲರನ್ನೇ ಮಾಡುವ ಒಳ್ಳೇ ಕೈಗಳು ನಮ್ಮ ಕಡೆ ಇವೆ, ಅದರಲ್ಲಿ ಮಾತಿಲ್ಲ. ಆದರೂ ಇದು ಬೇಡ. ಬೆಸುಗೆ ಒಳಗೆ ಎಷ್ಟು ಇಳಿದಿದೆ ಅಂತ ಹೊರಗಿಂದ ಕಾಣುವುದಿಲ್ಲ, ಭಾರ ಹಾಕಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಒಂದು ಟೈರಿನ ದುಡ್ಡಿನೊಳಗೆ ಒಳ್ಳೇ ಜೋಡಿ ಸಿಗುತ್ತದೆ. ವೆಲ್ಡಿಂಗಿನವರ ಹತ್ತಿರ ಓಟೆ ಮಾಡಿಸಿ, ಅವು ಚೆನ್ನಾಗಿ ಬರುತ್ತವೆ.

ಹ್ಯಾಂಡ್ ಬ್ರೇಕ್ ಎಳ್ದೀನಿ, ಗೇರಿನ್ಯಾಗೂ ಹಾಕೀನ್ರಿ. ಆದ್ರೂ ಗಾಡಿ ಸರೀತು. ಹ್ಯಾಂಗ?

ಒಳ್ಳೇ ಪ್ರಶ್ನೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಗಾಲಿಗಳನ್ನು ಮಾತ್ರ. ಹಿಂದಿನ ಎರಡನ್ನೂ ಎತ್ತಿದಿರಿ ಅಂದ್ರೆ ಬ್ರೇಕ್ ಗಾಳಿಯಲ್ಲಿರುವ ಗಾಲಿಗಳನ್ನು ಹಿಡಿದು ಕೂತಿದೆ. ನೆಲದ ಮೇಲಿರುವ ಮುಂದಿನವಕ್ಕೆ ಗೇರ್ ಒಂದೇ ಆಸರೆ.

ಗೇರಿನ ಆಟ ಇನ್ನೂ ಮೋಸದ್ದು. ಆಲ್ಟೊ, ಸ್ವಿಫ್ಟ್, ಐ20 ಇವೆಲ್ಲ ಮುಂದಿನ ಗಾಲಿ ಎಳೆಯುವ ಕಾರುಗಳು. ಎರಡು ಮುಂದಿನ ಗಾಲಿಗಳ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಂದು ಗಾಲಿ ಜಾಸ್ತಿ, ಇನ್ನೊಂದು ಕಮ್ಮಿ ತಿರುಗಲಿ ಅಂತ ಅದನ್ನು ಇಟ್ಟಿದ್ದಾರೆ. ಒಂದು ಮುಂದಿನ ಗಾಲಿ ಎತ್ತಿದಾಗ ಎತ್ತಿದ್ದು ಹಿಂದಕ್ಕೆ ತಿರುಗುತ್ತದೆ, ನೆಲದ್ದು ಮುಂದಕ್ಕೆ ಉರುಳುತ್ತದೆ. ಗೇರ್ ಏನೂ ಮಾಡಲಾರದು. ಬೊಲೆರೊದಂಥ ಹಿಂದಿನ ಗಾಲಿ ಎಳೆಯುವ ಗಾಡಿಯಲ್ಲಿ ಹಿಂದಿನ ಒಂದು ಗಾಲಿ ಎತ್ತಿದರೂ ಇದೇ ಕಥೆ.

ಅದಕ್ಕೇ ಓಟೆ. ಎತ್ತುವ ಗಾಲಿಗೆ ಮೂಲೆಯಿಂದ ಮೂಲೆಗೆ ಎದುರಿರುವ ಗಾಲಿಗೆ ಎರಡೂ ಕಡೆ ಓಟೆ ಕೊಡಿ. ಬ್ರೇಕ್, ಗೇರ್ ಅದರ ಮೇಲಿನ ಹೆಚ್ಚುವರಿ ಅಂತ ತಿಳಿದುಕೊಳ್ಳಿ.

ಜಾಕ್ ರಾತ್ರಿಗೆ ಎತ್ತಿಟ್ರೆ ಬೆಳಿಗ್ಗೆ ಇಳಿದಿರುತ್ತೆ. ಆಯಿಲ್ ಹಾಕಿದ್ರೆ ಸರಿ ಹೋಗುತ್ತಾ?

ಎಣ್ಣೆ ಕಮ್ಮಿ ಇದ್ದರೆ ಜಾಕ್ ಪೂರ್ತಿ ಮೇಲೇಳುವುದಿಲ್ಲ. ಎದ್ದಿದ್ದು ಇಳಿಯುತ್ತಿದ್ದರೆ ದೋಷ ಸೀಲ್ ಅಥವಾ ವಾಲ್ವಿನದು. ಸೀಲ್ ಕಿಟ್ ಹಾಕಿಸಿ. ಎಣ್ಣೆ ಹಾಕುವುದಾದರೆ ಹೈಡ್ರಾಲಿಕ್ ಜಾಕ್ ಆಯಿಲ್ಲೇ ಹಾಕಿ. ಬ್ರೇಕ್ ಆಯಿಲ್ ಹಾಕಬೇಡಿ, ಜಾಕಿನ ರಬ್ಬರ್ ಅದಕ್ಕೆ ತಾಳುವುದಿಲ್ಲ, ಉಬ್ಬಿ ಕೆಡುತ್ತದೆ. ಬಾಟಲ್ ಜಾಕನ್ನು ಅಡ್ಡ ಮಲಗಿಸಿ ಬಳಸಬೇಡಿ, ಗಾಳಿ ಎಳೆದುಕೊಳ್ಳುತ್ತದೆ.

ನಾಲ್ಕೂ ಗಾಲಿ ಒಟ್ಟಿಗೆ ಎತ್ತಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಹೇಗೆ?

ನಿಜವಾಗಿಯೂ ಬೇಕಾ ಅಂತ ಮೊದಲು ಯೋಚಿಸಿ. ನಾಲ್ಕೂ ಎತ್ತಿದ ಮೇಲೆ ಓಟೆಗೆ ಕೆಲಸವಿಲ್ಲ. ಒಂದು ತುದಿ ಎತ್ತುವಾಗ ಇನ್ನೊಂದು ತುದಿಯ ಸ್ಟ್ಯಾಂಡ್‌ಗಳು ವಾಲುತ್ತವೆ. ಮನೆಯಲ್ಲಿ ಮಾಡುವ ಬಹುತೇಕ ಕೆಲಸ ಎರಡು ಗಾಲಿ ಎತ್ತಿದರೆ ಮುಗಿಯುತ್ತದೆ. ಬೇಕೇ ಬೇಕು ಅಂದ್ರೆ ಸಿಮೆಂಟ್ ನೆಲದ ಮೇಲೆ ಮಾತ್ರ. ಒಂದು ತುದಿ ಸ್ವಲ್ಪ, ಇನ್ನೊಂದು ತುದಿ ಸ್ವಲ್ಪ ಹೀಗೆ ಹಂತ ಹಂತವಾಗಿ ಏರಿಸಿ. ಪ್ರತಿ ಹಂತದಲ್ಲೂ ನಾಲ್ಕು ಸ್ಟ್ಯಾಂಡಿನ ಪಾದ ನೋಡಿ.

ಯಾರಾದ್ರೂ ಗಾಡಿ ಕೆಳಗೆ ಸಿಕ್ಕಿಬಿದ್ರೆ?

ಒಬ್ಬರು 112 ಅಥವಾ 108ಕ್ಕೆ ಫೋನ್ ಮಾಡಲಿ. ಉಳಿದವರು ಗಾಡಿ ಎತ್ತಿ. ಎದೆ, ತಲೆ ಒತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ. ಜಾಕ್ ಸಿಗದಿದ್ದರೆ ಎಂಟು ಹತ್ತು ಜನ ಸೇರಿ ಒಂದು ಬದಿ ಎತ್ತಬಹುದು. ಎತ್ತಿದಂತೆ ಸಂದಿಗೆ ಕಟ್ಟಿಗೆ, ಗಾಲಿ ತುರುಕುತ್ತಾ ಹೋಗಿ. ಭಾರ ಹೋಗುವ ತನಕ ಮನುಷ್ಯನನ್ನು ಹಿಡಿದು ಎಳೆಯಬೇಡಿ. ಎಷ್ಟು ಹೊತ್ತು ಸಿಕ್ಕಿದ್ದರು ಅನ್ನೋದನ್ನು ಆಂಬುಲೆನ್ಸಿನವರಿಗೆ ಹೇಳಿ. ಒಬ್ಬರೇ ಇರುವಾಗ ಗಾಡಿ ಕೆಳಗೆ ಹೋಗಬಾರದು ಅನ್ನೋದು ಇದಕ್ಕೇ.

## ದೊಡ್ಡ ಗಾಡಿ, ಟ್ರ್ಯಾಕ್ಟರ್

ಬೊಲೆರೊ, ಟಾಟಾ ಏಸ್‌ಗೆ ಜಾಕ್ ಕಾರಿನಂತೆ ಅಂಚಿಗೇ ಹಚ್ಚೋದಾ?

ಅಲ್ಲ. ಇವುಗಳ ಭಾರ ಹೊರೋದು ಕೆಳಗಿನ ಚಾಸಿ. ಬಾಡಿ ಅದರ ಮೇಲೆ ಕೂತಿರುತ್ತದೆ. ಹಿಂದೆ ಎತ್ತುವಾಗ ಆಕ್ಸಲ್ಲಿಗೆ, ಪಾಟಾ ಸ್ಪ್ರಿಂಗ್ ಕೂರುವ ಜಾಗದ ಹತ್ತಿರ ಬಾಟಲ್ ಜಾಕ್ ಕೊಡಿ. ನಡುವಿನ ಗುಂಡಗಿನ ಡಿಫರೆನ್ಷಿಯಲ್ ಡಬ್ಬಿಗೆ ಕೊಟ್ಟರೆ ಗಾಡಿ ತಕ್ಕಡಿಯಂತೆ ಎರಡೂ ಕಡೆ ತೂಗುತ್ತದೆ. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಜೋತು ಬಿದ್ದು, ಗಾಲಿ ನೆಲ ಬಿಡುವ ಹೊತ್ತಿಗೆ ಜಾಕ್ ಮುಗಿದಿರುತ್ತದೆ. ಏಸಿನಲ್ಲಿ ಲೋಡ್ ಇದ್ದರೆ ಮೊದಲು ಇಳಿಸಿ.

ಎಲೆಕ್ಟ್ರಿಕ್ ಕಾರಿಗೆ ಬೇರೆ ನಿಯಮ ಇದೆಯಾ?

ಕೆಳಗಿನ ಹಾಸು ಪೂರ್ತಿ ಬ್ಯಾಟರಿ ಡಬ್ಬಿ. ಅದಕ್ಕೆ ಜಾಕಿನ ತಲೆ ತಾಗಲೇಬಾರದು. ಕಂಪನಿ ಗುರುತು ಮಾಡಿದ ನಾಲ್ಕು ಜಾಗ ಬಿಟ್ಟರೆ ಬೇರೆ ಇಲ್ಲ. ತೂಕವೂ ಅದೇ ಅಳತೆಯ ಪೆಟ್ರೋಲ್ ಗಾಡಿಗಿಂತ ಜಾಸ್ತಿ.

ಟ್ರ್ಯಾಕ್ಟರ್ ಹಿಂದಿನ ಗಾಲಿ ಬಿಚ್ಚಬೇಕ್ರಿ. ಬಾಟಲ್ ಜಾಕ್ 10 ಟನ್ನಿಂದು ಅದ. ಸಾಕಲ್ಲ?

ಜಾಕ್ ಸಾಕು. ತೊಂದರೆ ಇರೋದು ಮುಂದೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವೆ ಒಂದೇ ಪಿನ್ನಿನ ಮೇಲೆ ಕೂತಿದೆ. ಉಳುವಾಗ ಏರುತಗ್ಗಿಗೆ ತಕ್ಕಂತೆ ಎಡಕ್ಕೆ ಬಲಕ್ಕೆ ಬಾಗಲಿ ಅಂತ. ಹಿಂದಿನ ಒಂದು ಗಾಲಿ ಎತ್ತಿದ ಕೂಡಲೇ ಇಡೀ ಟ್ರ್ಯಾಕ್ಟರ್ ಆ ಪಿನ್ನಿನ ಮೇಲೆ ವಾಲಬಹುದು. ಮುಂದಿನ ಗಾಲಿಗಳು ನೆಲದ ಮೇಲಿವೆ ಅಂತ ಧೈರ್ಯ ಬೇಡ, ಅವು ಓರೆಯನ್ನು ತಡೆಯುವುದಿಲ್ಲ.

ಎತ್ತುವ ಮುಂಚೆ ಮುಂದಿನ ಆಕ್ಸಲ್ ಮತ್ತು ಮೇಲಿನ ಬಾಡಿಯ ನಡುವಿನ ಸಂದಿಗೆ ಎರಡೂ ಬದಿ ಕಟ್ಟಿಗೆ ಬೆಣೆ ಬಡಿದು ಬಿಗಿ ಮಾಡಿ. ಮುಂದಿನ ಗಾಲಿಗಳಿಗೆ ಓಟೆ. ಆಮೇಲೆ ಹಿಂದಿನ ಆಕ್ಸಲ್ ಕೆಳಗೆ ಜಾಕ್, ಅದರ ಪಕ್ಕ ದಪ್ಪ ದಿಮ್ಮಿಗಳ ಅಟ್ಟಿ. ಕಾರಿನ ಸ್ಟ್ಯಾಂಡ್ ಇಲ್ಲಿ ನಡೆಯಲ್ಲ. ನೀರು ತುಂಬಿದ ಹಿಂದಿನ ಗಾಲಿ ಒಬ್ಬರ ಕೈಗೆ ನಿಲ್ಲುವಂಥದ್ದೂ ಅಲ್ಲ. ಬಿಚ್ಚುವ ಮುಂಚೆ ನೀರು ಇಳಿಸಿ, ಇಬ್ಬರು ಮೂವರು ಇರಿ.

ರೋಟವೇಟರ್ ಬ್ಲೇಡ್ ಬದಲಿಸುವಾಗ ಟ್ರ್ಯಾಕ್ಟರಿನ ಲಿಫ್ಟ್ ಎತ್ತಿಟ್ಟಿದ್ರೆ ಸಾಕಲ್ವಾ?

ಸಾಲದು. ಆ ಲಿಫ್ಟೂ ಎಣ್ಣೆಯ ಮೇಲೆ ನಿಂತ ಜಾಕೇ. ಲಿವರಿಗೆ ಯಾರದಾದರೂ ಮೊಣಕೈ ತಾಗಿದರೆ ರೋಟವೇಟರ್ ಕೆಳಗೆ ಬರುತ್ತದೆ. ತೊಗರಿ ಬಿತ್ತನೆ ಮುಂಚಿನ ಗಡಿಬಿಡಿಯಲ್ಲಿ ಸೀಟಿನ ಮೇಲೆ ಮಕ್ಕಳು ಹತ್ತಿ ಕೂತಿರೋದೂ ಉಂಟು. ಎತ್ತಿ, ಎರಡೂ ತುದಿಗೆ ದಿಮ್ಮಿ ಕೊಟ್ಟು, ಲಿಫ್ಟನ್ನು ಇಳಿಸಿ ದಿಮ್ಮಿಯ ಮೇಲೆ ಕೂರಿಸಿ. ಎಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು ಆಮೇಲೆ ಬ್ಲೇಡಿಗೆ ಕೈ ಹಾಕಿ.

ಫರಸಿ ಗಣಿಯ ಟಿಪ್ಪರ್, ಎತ್ತುವ ಟ್ರೇಲರ್ ಇದ್ದವರಿಗೂ ಇದೇ ಉತ್ತರ. ಡಬ್ಬಾ ಎತ್ತಿ ಕೆಳಗೆ ಗ್ರೀಸ್ ಹಚ್ಚುವ ಮುಂಚೆ ಅದರ ಕಬ್ಬಿಣದ ಊರುಗೋಲು ನಿಲ್ಲಿಸಿ. ಗೋಲು ಕಳೆದುಹೋಗಿದ್ದರೆ ಮೊದಲು ಅದನ್ನು ತರಿಸಿ, ಗ್ರೀಸ್ ನಾಳೆ ಹಚ್ಚಿದರೂ ಆಗುತ್ತದೆ.